ರೇಡಿಯೋದಲ್ಲಿ ಬಂದ ಆ ಹಾಡು ಯಾರದ್ದು?

ಪೊನ್ನಂಪೇಟೆ ದಾಟಿ ಶ್ರೀಮಂಗಲದ ಕಡೆ ಹೋಗುತ್ತಿದ್ದೆವು. ಜೀಪಿನ ರೇಡಿಯೋದಲ್ಲಿ 103.1, ಅಂದರೆ ಮಡಿಕೇರಿ ಆಕಾಶವಾಣಿ. ಒಂದು ಹಾಡು ಶುರುವಾಯಿತು. ಮೊದಲು ದುಡಿಯ ಪೆಟ್ಟು, ಅದರ ಮೇಲೆ ಎಳೆದೆಳೆದು ಹಾಡುವ ಹೆಂಗಸರ ದನಿ. ನಮ್ಮಲ್ಲೊಬ್ಬರು ಮೊಬೈಲ್ ತೆಗೆದು ಕೊನೆಯ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡರು. ಹಾಡಿದವರ ಹೆಸರು ಹೇಳುವ ಹೊತ್ತಿಗೆ ಜೀಪು ತಿರುವಿಗೆ ಇಳಿಯಿತು. ಗುಡ್ಡ ಅಡ್ಡ ಬಂತು, ರೇಡಿಯೋ ಗೊರಗೊರ ಎಂದಿತು.

ಕೊಡಗು, ದುಡಿ, ಹಳೆಯ ಹಾಡು. ಇಷ್ಟು ಸಾಕಲ್ಲ, ಇದು ಕೊಡವರ ಹಾಡೇ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆವು.

ಆ ಸಂಜೆ ನಾವು ಉಳಿದುಕೊಂಡ ಮನೆಯ ಹಿರಿಯರಿಗೆ ಅದನ್ನು ಕೇಳಿಸಿದೆವು. ಎರಡು ಸಾಲು ಕೇಳಿ ತಲೆ ಅಲ್ಲಾಡಿಸಿದರು. "ದುಡಿ ಹೌದು, ಆದರೆ ನಮ್ಮ ಪಾಟ್ ಅಲ್ಲ." ಕೊಡವರ ಬಾಳೊಪಾಟ್ ಹಾಡುವವರು ನಾಲ್ವರು ಗಂಡಸರು, ಕೈಯಲ್ಲಿ ದುಡಿ ಹಿಡಿದು ಬಡಿಯುತ್ತಾ ಹಾಡುತ್ತಾರೆ ಎಂದು ವಿವರಿಸಿದರು. ಹೆಂಗಸರು ಉಮ್ಮತ್ತಾಟ್ ಆಡುತ್ತಾರೆ, ಆದರೆ ಅವರ ಕೈಯಲ್ಲಿರುವುದು ಕಂಚಿನ ತಾಳ.

ಅನುಮಾನ ಬಗೆಹರಿಸಿಕೊಳ್ಳಲು ಅವರ ಕಪಾಟಿನಲ್ಲೇ ಪುಸ್ತಕವಿತ್ತು: 1924ರಲ್ಲಿ ಮೊದಲು ಅಚ್ಚಾದ 'ಪಟ್ಟೋಲೆ ಪಳಮೆ'. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪ ಅವರು ಬಾಯಿಂದ ಬಾಯಿಗೆ ಬಂದ ಹಾಡುಗಳನ್ನು, ಆಚಾರಗಳನ್ನು, ಗಾದೆಗಳನ್ನು ಕಲೆಹಾಕಿ ಕನ್ನಡ ಲಿಪಿಯಲ್ಲಿ ಬರೆದಿಟ್ಟ ಗ್ರಂಥ. ಅದರ ಸುಮಾರು ಮೂರನೇ ಎರಡು ಪಾಲು ಹಾಡುಗಳೇ. ಮದುವೆಯದ್ದು, ಸಾವಿನದ್ದು, ಹಬ್ಬದ್ದು, ದೇವರದ್ದು, ವೀರರದ್ದು. ಚಿಣ್ಣಪ್ಪ 1931ರಲ್ಲಿ ತೀರಿಕೊಂಡರು. 2003ರಲ್ಲಿ ಬೊವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಈ ಗ್ರಂಥವನ್ನು ಇಂಗ್ಲಿಷಿಗೆ ತಂದರು. ನಮ್ಮ ಹಾಡು ಅದರಲ್ಲಿ ಇರಲಿಲ್ಲ.

ಆಮೇಲೆ ಅರೆಭಾಷೆ ಮಾತಾಡುವ ಗೆಳೆಯನಿಗೆ ಕಳಿಸಿದೆವು. ಅರೆಭಾಷೆ ಕನ್ನಡಕ್ಕೆ ತೀರಾ ಹತ್ತಿರ, ಆಗಿದ್ದರೆ ನಮಗೇ ಅರ್ಧ ತಿಳಿಯಬೇಕಿತ್ತು. ಅವನೂ ಅಲ್ಲ ಎಂದ.

ಮರುದಿನ ಕಾಫಿ ತೋಟವೊಂದರ ಲೈನ್‌ಮನೆಯ ಎದುರು ಕೂತಿದ್ದಾಗ ಯಾಕೋ ಮತ್ತೆ ಮೊಬೈಲ್ ಒತ್ತಿದೆವು. ಸೌದೆ ಜೋಡಿಸುತ್ತಿದ್ದ ಅಜ್ಜಿಯೊಬ್ಬರ ಕೈ ನಿಂತಿತು. ರೆಕಾರ್ಡಿಂಗ್ ಮುಗಿದ ಕಡೆಯಿಂದ ಅವರು ಹಾಡು ಮುಂದುವರಿಸಿದರು. ನಾಲ್ಕೈದು ಸಾಲು ಹಾಡಿ ನಕ್ಕರು. "ನಮ್ಮದೇ. ನಾಟಿ ಗದ್ದೆಯಲ್ಲಿ ಹಾಡ್ತಿದ್ದೆವು."

ಅವರು ಎರವರು. ತಮ್ಮನ್ನು ತಾವು ರಾವುಲ ಎಂದು ಕರೆದುಕೊಳ್ಳುತ್ತಾರೆ. ದಕ್ಷಿಣ ಕೊಡಗಿನಲ್ಲೂ ಗಡಿಯಾಚೆ ವಯನಾಡಿನಲ್ಲೂ ಇದ್ದಾರೆ. ವಯನಾಡಿನಲ್ಲಿ ಅವರನ್ನು ಅಡಿಯ ಎನ್ನುತ್ತಾರೆ. ಅವರಿಗೆ ಅವರದೇ ದ್ರಾವಿಡ ಭಾಷೆಯಿದೆ, ದುಡಿಯೂ ಇದೆ. ಹಾಗಾಗಿ ಬರೀ ದುಡಿಯ ಸದ್ದು ಕೇಳಿ ಹಾಡು ಯಾರದ್ದೆಂದು ಹೇಳಲಾಗದು.

ಎರವ ಎಂಬ ಹೆಸರು ಎರವಲು ಎಂಬ ಮಾತಿನಿಂದ ಬಂತು ಎಂದು ಹಳೆಯ ಬರಹಗಳು ಹೇಳುತ್ತವೆ. ತಲೆಮಾರುಗಳ ಕಾಲ ಅವರು ಬೇರೆಯವರ ಗದ್ದೆಯಲ್ಲಿ ಜೀತಕ್ಕಿದ್ದವರು. 1843ರ ಕಾಯ್ದೆ ಗುಲಾಮಗಿರಿಗೆ ಇದ್ದ ಕಾನೂನಿನ ಬೆಂಬಲವನ್ನು ತೆಗೆಯಿತು, ಆದರೆ ಜೀತ ಉಳಿಯಿತು. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಬ್ರಿಟಿಷ್ ಕಾಲದ ದಾಖಲೆಗಳಲ್ಲಿ ಅವರು ಸಿಗುವುದು ಹೆಚ್ಚಾಗಿ ಕೂಲಿಯ ಲೆಕ್ಕದಲ್ಲಿ, ಜನಗಣತಿಯ ಸಾಲಿನಲ್ಲಿ.

ಇಲ್ಲಿ ಚಿಣ್ಣಪ್ಪನವರ ತಪ್ಪೇನೂ ಇಲ್ಲ. ಅವರು ತಮ್ಮ ಜನರ ಹಾಡು ಉಳಿಸಿದರು, ಅದಕ್ಕೇ ಆ ಹಿರಿಯರು ಎರಡೇ ಸಾಲಿನಲ್ಲಿ ಅಲ್ಲ ಎನ್ನಲು ಸಾಧ್ಯವಾಯಿತು. ಕೊಡವ ಭಾಷೆಗೆ 1994ರಲ್ಲಿ, ಅರೆಭಾಷೆಗೆ 2011ರಲ್ಲಿ ಅಕಾಡೆಮಿ ಬಂತು. ಗದ್ದೆಯಲ್ಲಿ ಬಗ್ಗಿ ನಿಂತು ಹಾಡಿದವರ ಹಾಡಿಗೆ ಅಂಥ ಕಪಾಟು ಇರಲಿಲ್ಲ. ಗದ್ದೆಗಳೂ ಕಡಿಮೆಯಾಗುತ್ತಿವೆ. ನಾಟಿಯೇ ಇಲ್ಲದ ಮೇಲೆ ನಾಟಿ ಹಾಡನ್ನು ಮಕ್ಕಳು ಎಲ್ಲಿ ಕಲಿಯಬೇಕು? ಅಜ್ಜಿಯ ಮೊಮ್ಮಗಳಿಗೆ ಆ ಹಾಡಿನ ಅರ್ಧ ಮಾತು ಗೊತ್ತಿರಲಿಲ್ಲ.

ಆ ದಿನ ಅದನ್ನು ಹಿಡಿದು ನಮ್ಮ ಕಿವಿಗೆ ಮುಟ್ಟಿಸಿದ್ದು ರೇಡಿಯೋ. ಕೊಡಗು ಎಂದೊಡನೆ ಒಂದೇ ಜನರನ್ನು ನೆನೆಯುವುದು ನಮ್ಮ ಅಭ್ಯಾಸ, ತಪ್ಪಿದ್ದು ನಮ್ಮ ಕಿವಿ. ಪತ್ರಿಕೋದ್ಯಮ ಓದುವಾಗ ಮೊದಲು ಕಲಿತ ಪ್ರಶ್ನೆಯೇ 'ಯಾರು?' ಎಂಬುದು. ಅದನ್ನೇ ಕೇಳದೆ ಉತ್ತರ ಬರೆದುಕೊಂಡಿದ್ದೆವು.

ಹೊರಡುವಾಗ ಅಜ್ಜಿ ಕೇಳಿದರು, "ಹಾಡಿದ್ದು ಯಾರಂತೆ? ಯಾವ ಹಾಡಿಯವರು?"

ನಮ್ಮ ಹತ್ತಿರ ಉತ್ತರವಿರಲಿಲ್ಲ. ಕೇಳಿದ ದಿನಾಂಕ, ಹೊತ್ತು ಬರೆದು ಆಕಾಶವಾಣಿಗೆ ಪತ್ರ ಹಾಕಿದ್ದೇವೆ. ಹೆಸರು ಸಿಕ್ಕಿದ ದಿನ ಮೊದಲು ಆ ಲೈನ್‌ಮನೆಗೆ ಹೋಗಿ ಹೇಳಬೇಕು. ನೀವೂ ಇಂಥ ಹಾಡು ಕೇಳಿದರೆ ದಿನಾಂಕ, ಹೊತ್ತು, ಹಾಡಿದವರ ಹೆಸರು ಬರೆದಿಟ್ಟುಕೊಳ್ಳಿ.