ಹಿಲರಿಯ ಕೆಂಪು ಟ್ರ್ಯಾಕ್ಟರ್

ಹಳೆಯ ಟ್ರ್ಯಾಕ್ಟರನ್ನು ದುರಸ್ತಿಗೆ ಎತ್ತಿಕೊಂಡವರಲ್ಲಿ ಹಲವರು, ಕಾರ್ಖಾನೆಯಿಂದ ಬಂದಾಗ ಇಲ್ಲದ ಭಾಗಗಳನ್ನು ಮೊದಲು ಕಿತ್ತುಹಾಕುತ್ತಾರೆ. ಫರ್ಗ್ಯೂಸನ್ ಟಿಇ-20ರ ವಿಷಯದಲ್ಲಿ ಈ ಅವಸರ ದುಬಾರಿಯಾದೀತು.

1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಈ ಬೂದುಬಣ್ಣದ ಪುಟ್ಟ ಯಂತ್ರ ಹೊಲ ಉಳಲೆಂದು ಹುಟ್ಟಿದ್ದು. ಆದರೆ ಎವರೆಸ್ಟ್ ವೀರ ಎಡ್ಮಂಡ್ ಹಿಲರಿ ಅಂಟಾರ್ಕ್ಟಿಕಾದಲ್ಲಿ ಓಡಿಸಿದ ಫರ್ಗ್ಯೂಸನ್ನುಗಳ ಬಣ್ಣ ಕೆಂಪು. ಬಿಳಿ ಹಿಮದಲ್ಲಿ ಎದ್ದು ಕಾಣುವಂಥದು. ಅದನ್ನು ಕೆರೆದು ಬೂದು ಬಳಿದರೆ ಅರ್ಧ ಸಾಕ್ಷ್ಯ ಅಲ್ಲೇ ಅಳಿಯಿತು!

ಉಳಿದರ್ಧ ಗಾಲಿಗಳಲ್ಲಿದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಎರಡೂ ಬದಿಗೆ ಒಂದೊಂದು ಹೆಚ್ಚುವರಿ ಗಾಲಿ. ಮೂರನ್ನೂ ಬಳಸಿ ಯುದ್ಧಟ್ಯಾಂಕಿಗಿರುವಂಥ ಪಟ್ಟ. ಪಟ್ಟ ಸುತ್ತಿದ ಮೇಲೆ ಮುಂದಿನ ಗಾಲಿ ಹೊರಳುವುದೆಲ್ಲಿ? ಒಂದು ಬದಿಯ ಬ್ರೇಕ್ ಒತ್ತಿಯೇ ಆ ಕಡೆಗೆ ತಿರುಗಿಸಬೇಕಿತ್ತು. ಚಾಲಕನ ತಲೆಯ ಮೇಲೆ ಕಬ್ಬಿಣದ ಕಮಾನು, ಗಾಳಿಗೆ ಕ್ಯಾನ್ವಾಸ್ ಮರೆ. ಹಿಮದ ಬಿರುಕಿಗೆ ಒಂದು ಜಾರಿದರೆ ಮತ್ತೊಂದು ಹಿಡಿದು ನಿಲ್ಲಿಸಲೆಂದು ಟ್ರ್ಯಾಕ್ಟರುಗಳನ್ನೇ ಹಗ್ಗದಿಂದ ಬಿಗಿದಿದ್ದರು, ಥೇಟ್ ಪರ್ವತಾರೋಹಿಗಳಂತೆ.

1957ರ ಅಕ್ಟೋಬರ್ 14ರಂದು ಸ್ಕಾಟ್ ಬೇಸ್ ಬಿಟ್ಟು, ಸುಮಾರು 2,000 ಕಿ.ಮೀ. ತೆವಳಿ, 1958ರ ಜನವರಿ 4ರಂದು ಮೂರು ಫರ್ಗ್ಯೂಸನ್ನುಗಳು ದಕ್ಷಿಣ ಧ್ರುವ ಮುಟ್ಟಿದವು. ನೆಲದ ದಾರಿಯಲ್ಲಿ ಅಲ್ಲಿಗೆ ತಲುಪಿದ ಮೊದಲ ಮೋಟಾರು ವಾಹನಗಳು ಇವೇ. ಆಗ ಉಳಿದಿದ್ದ ಇಂಧನ ಸುಮಾರು 20 ಗ್ಯಾಲನ್.