ಜಾತ್ರೆಯ ಅಂಗಡಿಯಿಂದ ಧಾರವಾಡದ ಅಟ್ಟದವರೆಗೆ

ಬೈಲಹೊಂಗಲದ ಹೆಸರನ್ನು ಕನ್ನಡ ನಾಡಿನ ತುಂಬ ಹರಡಿದ ಕೃತಿ ‘ಸಂಗ್ಯಾ ಬಾಳ್ಯಾ’. 19ನೇ ಶತಮಾನದಲ್ಲಿ ಅಲ್ಲಿ ನಡೆದ ಒಂದು ಕೊಲೆ ಲಾವಣಿಯಾಗಿ, ಸಣ್ಣಾಟವಾಗಿ ಊರೂರು ಸುತ್ತಿತು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಸಂಗ್ಯಾನ ಲಾವಣಿಯನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ. ಅದು ವಿದ್ವಾಂಸರ ಪತ್ರಿಕೆ. ಆಟ ಆಡುವವರಿಗೂ ಪದ ಹಾಡುವವರಿಗೂ ಒದಗಿದ್ದು ಬೇರೆಯೇ ಅಚ್ಚು: ತೆಳು ಕಾಗದದ, ಕಡಿಮೆ ಬೆಲೆಯ ಸಣ್ಣ ಪುಸ್ತಿಕೆ.

ಸಣ್ಣಾಟದ ಪಠ್ಯವನ್ನು ಪತ್ತಾರ ಮಾಸ್ತರ ಕಟ್ಟಿದರೆಂದು ಹೇಳುತ್ತಾರೆ. ಇಂಥ ಆಟಗಳು, ಗೀಗೀ ಪದಗಳು, ಭಜನೆ, ಪುರಾಣಗಳ ಪುಸ್ತಕಗಳಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡ, ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಜಾತ್ರೆಗಳೇ ಪೇಟೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಬಂದ ಭಕ್ತರು ಕುಂಕುಮ ಭಂಡಾರದ ಜೊತೆಗೆ ಪದದ ಪುಸ್ತಕವನ್ನೂ ಕೊಳ್ಳುತ್ತಿದ್ದರು. ಗದಗದ ಶಾಬಾದಿಮಠ ಬುಕ್ ಡಿಪೋದಂಥ ಪ್ರಕಾಶಕರು ಬದುಕಿದ್ದು ಈ ಓದುಗರಿಂದಲೇ. ವಿಮರ್ಶಕರ ಕಣ್ಣಿಗೆ ಬೀಳದಿದ್ದರೂ ಹಳ್ಳಿಯಲ್ಲಿ ಓದು ಕಲಿತವರಿಗೆ ಶಾಲೆಯ ಪಠ್ಯದ ಆಚೆಗೆ ಸಿಕ್ಕ ಪುಸ್ತಕಗಳು ಹೆಚ್ಚಾಗಿ ಇವೇ.

ವಚನಗಳೂ ಸಣ್ಣ ಮುದ್ರಣಾಲಯಗಳ ಹಾದಿಯಲ್ಲೇ ಬಂದವು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಅಚ್ಚಾಯಿತು. ಎರಡು ವರ್ಷಗಳ ಮೇಲೆ ಅವರು ಮನೆ ಮಾರಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. ವಚನಗಳನ್ನು ಓಲೆಗರಿಯ ಕಟ್ಟಿನಿಂದ ಬಿಡಿಸಿ ಓದುಗರ ಕೈಗಿತ್ತ ಈ ದುಡಿಮೆಗೆ ಎಣೆಯಿಲ್ಲ. ಮುಂದೆ ಮಠಗಳೂ ಇದೇ ಕೆಲಸಕ್ಕೆ ನಿಂತವು. ಗದಗದ ತೋಂಟದಾರ್ಯ ಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿ ಮಠಗಳ ಪ್ರಕಟಣೆಗಳು ಇಂದಿಗೂ ಸಂಶೋಧಕರ ಕಪಾಟಿನಲ್ಲಿವೆ.

ಹೊಸ ಸಾಹಿತ್ಯಕ್ಕೂ ಹಾದಿ ತೆರೆದದ್ದು ಒಂದು ಸಣ್ಣ ಪ್ರಕಾಶನವೇ. ಧಾರವಾಡದಲ್ಲಿ ಜಿ.ಬಿ. ಜೋಶಿ 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ಮುಂಚಿತವಾಗಿ ಚಂದಾ ಕಟ್ಟಿದವರಿಗೆ ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು. ಆದ್ದರಿಂದ ಪುಸ್ತಕದಂಗಡಿ ಇಲ್ಲದ ಊರಿನ ಮಾಸ್ತರರೂ ವಕೀಲರೂ ಹೊಸ ಸಾಹಿತ್ಯದ ಮೊದಲ ಓದುಗರಾಗಬಹುದಿತ್ತು. ಸುಭಾಷ್ ರಸ್ತೆಯಲ್ಲಿದ್ದ ಗ್ರಂಥಮಾಲೆಯ ಕಚೇರಿ ‘ಅಟ್ಟ’ದಿಂದಲೇ ಗಿರೀಶ ಕಾರ್ನಾಡರ ‘ಯಯಾತಿ’, ಅನಂತಮೂರ್ತಿಯವರ ‘ಸಂಸ್ಕಾರ’, ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ ಹೊರಬಂದವು. ನವ್ಯ ಸಾಹಿತ್ಯದ ದೊಡ್ಡ ಪಾಲು ಹೀಗೆ ಅದರ ಕೊಡುಗೆ.

ಗ್ರಂಥಮಾಲೆಯ ಪುಸ್ತಕಗಳು ಮರುಮುದ್ರಣ ಕಂಡಿವೆ, ಗ್ರಂಥಾಲಯಗಳಲ್ಲಿ ಸಿಗುತ್ತವೆ. ಜಾತ್ರೆಯ ಪುಸ್ತಿಕೆಗಳಿಗೆ ಆ ಭಾಗ್ಯವಿಲ್ಲ. ಎಷ್ಟೋ ಪುಸ್ತಿಕೆಗಳಲ್ಲಿ ಅಚ್ಚಾದ ವರ್ಷವೇ ಇಲ್ಲ. ಓದಿ ಹಾಡಿ ಹರಿದುಹೋದ ಪ್ರತಿಗಳೇ ಹೆಚ್ಚು. ಈ ಭಾಗದ ಮನೆಗಳಲ್ಲಿ, ಮೇಳದವರ ಪೆಟ್ಟಿಗೆಗಳಲ್ಲಿ ಅಂಥ ಹಳೆಯ ಪ್ರತಿ ಉಳಿದಿದ್ದರೆ ಅದನ್ನು ರದ್ದಿಗೆ ಹಾಕದೆ ಹತ್ತಿರದ ಗ್ರಂಥಾಲಯಕ್ಕೋ ಜಾನಪದ ವಿಶ್ವವಿದ್ಯಾಲಯಕ್ಕೋ ತಲುಪಿಸಬೇಕು.