ಅಬಕಾರಿಯೂ ಅಳತೆಯೂ: ಇಂಗ್ಲೆಂಡಿನ ಬಿಯರ್ ಉದ್ಯಮ, 1643–1880

ಪ್ರಜೆಗಳ ನಿತ್ಯಪಾನೀಯವೊಂದು ರಾಷ್ಟ್ರದ ಅರ್ಥವ್ಯವಸ್ಥೆಯೊಡನೆ ಎಷ್ಟು ನಿಕಟವಾಗಿ ಹೆಣೆದುಕೊಳ್ಳಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ಬಿಯರ್ ಉದ್ಯಮವು ಉತ್ತಮ ನಿದರ್ಶನವಾಗಿದೆ. ಅರಸನೊಡನೆ ಅಂತರ್ಯುದ್ಧದಲ್ಲಿ ತೊಡಗಿದ್ದ ಪಾರ್ಲಿಮೆಂಟು ಸೈನ್ಯದ ವೆಚ್ಚವನ್ನು ಭರಿಸುವುದಕ್ಕಾಗಿ 1643ರಲ್ಲಿ ಬಿಯರಿನ ಮೇಲೆ ಅಬಕಾರಿ ಸುಂಕವನ್ನು ಹೇರಿತು. ಯುದ್ಧವು ಮುಗಿದು ರಾಜಪ್ರಭುತ್ವವು ಮರಳಿ ಬಂದರೂ ಸುಂಕವು ತೊಲಗಲಿಲ್ಲ. 1697ರಲ್ಲಿ ಮಾಲ್ಟಿನ ಮೇಲೆ, ಎಂದರೆ ನೆನೆಯಿಸಿ, ಮೊಳಕೆ ಬರಿಸಿ, ಕಾವಿನಲ್ಲಿ ಒಣಗಿಸಿದ ಬಾರ್ಲಿಯ ಮೇಲೆ, ಮತ್ತೊಂದು ತೆರಿಗೆಯು ಬಂದು ಸೇರಿತು. ಮುಂದೆ ಕಹಿಗಾಗಿ ಬೆರೆಸುವ ಹಾಪ್ಸ್ ಹೂವೂ ತೆರಿಗೆಯಿಂದ ಪಾರಾಗಲಿಲ್ಲ. ಇಂತು ನಾರ್ಫೋಕಿನ ಬಾರ್ಲಿಯ ಹೊಲವೂ ಕೆಂಟಿನ ಹಾಪ್ಸ್ ತೋಟವೂ ಲಂಡನ್ನಿನ ಕಾರ್ಖಾನೆಯೂ ಒಂದೇ ಬೊಕ್ಕಸದ ಆಧಾರಗಳಾದವು. ಈ ಉದ್ಯಮವು ರಾಜ್ಯಕ್ಕೆ ಹಣವನ್ನೊದಗಿಸಿತೆಂಬುದು ಸರ್ವವಿದಿತ; ಆದರೆ ಆ ತೆರಿಗೆಯೇ ಉದ್ಯಮದ ಸ್ವರೂಪವನ್ನು ತಿದ್ದಿತೆಂಬುದನ್ನು ಪ್ರತಿಪಾದಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹದಿನೆಂಟನೆಯ ಶತಮಾನದಲ್ಲಿ ಪೋರ್ಟರ್ ಎಂಬ ಕಪ್ಪು ಬಿಯರು ಲಂಡನ್ನಿನ ಶ್ರಮಜೀವಿಗಳ ಪಾನೀಯವಾಗಿ ಪ್ರಸಿದ್ಧವಾಯಿತು. ದೊಡ್ಡ ಪ್ರಮಾಣದಲ್ಲಿ ತಯಾರಿಸಿ ದೀರ್ಘಕಾಲ ಶೇಖರಿಸಿಡಲು ಯೋಗ್ಯವಾಗಿದ್ದ ಈ ಸರಕು ವಿಪುಲ ಬಂಡವಾಳವನ್ನು ಬಯಸಿತು. ಹೆನ್ರಿ ಥ್ರೇಲನ ಕಾರ್ಖಾನೆಯು ಅವನ ಮರಣಾನಂತರ 1781ರಲ್ಲಿ 1,35,000 ಪೌಂಡುಗಳಿಗೆ ವಿಕ್ರಯವಾದುದನ್ನು ನೋಡಿದರೆ ಆ ಬಂಡವಾಳದ ಗಾತ್ರವು ವಿದಿತವಾಗುತ್ತದೆ. ಸ್ಯಾಮ್ಯುಯೆಲ್ ವಿಟ್‌ಬ್ರೆಡ್ಡನ ಕಾರ್ಖಾನೆಯಲ್ಲಿ ಮಾಲ್ಟನ್ನು ಬೀಸುವುದಕ್ಕೆ 1785ರಲ್ಲಿಯೇ ವಾಟನ ಉಗಿಯಂತ್ರವನ್ನು ಹೂಡಲಾಯಿತು. ಎರಡು ವರ್ಷಗಳ ಬಳಿಕ ಮೂರನೆಯ ಜಾರ್ಜ್ ದೊರೆಯು ಸ್ವತಃ ಅದನ್ನು ನೋಡಲು ಬಂದನು.

ತೆರಿಗೆಯ ಭಾರದಿಂದ ಮಾಲ್ಟು ತುಟ್ಟಿಯಾದಷ್ಟೂ, ಒಂದೊಂದು ಅಳತೆಯಿಂದ ಎಷ್ಟು ಸಾರವು ಇಳಿಯುತ್ತದೆಂಬ ಪ್ರಶ್ನೆಯು ಲಾಭನಷ್ಟಗಳ ಪ್ರಶ್ನೆಯಾಯಿತು. ಹಲ್ ಪಟ್ಟಣದ ಜಾನ್ ರಿಚರ್ಡ್‌ಸನ್ನನು 1784ರಲ್ಲಿ ಪ್ರಚುರಪಡಿಸಿದ ಸ್ಯಾಕರೋಮೀಟರು ಈ ಪ್ರಶ್ನೆಗೆ ನಿಖರವಾದ ಉತ್ತರವನ್ನಿತ್ತಿತು. ಮಾಲ್ಟನ್ನು ಬಿಸಿನೀರಿನಲ್ಲಿ ಕದಡಿ ಬಸಿದ ಸಿಹಿರಸದಲ್ಲಿ ಈ ಉಪಕರಣವನ್ನು ತೇಲಿಬಿಟ್ಟರೆ ರಸದ ಸಾಂದ್ರತೆಯು ತಿಳಿದುಬರುತ್ತಿದ್ದಿತು. ಅಗ್ಗವೆಂದು ಬಳಸುತ್ತಿದ್ದ ಕಂದುಬಣ್ಣದ ಮಾಲ್ಟು ತಿಳಿಬಣ್ಣದ ಮಾಲ್ಟಿಗಿಂತ ಬಹಳ ಕಡಮೆ ಸಾರವನ್ನು ಕೊಡುತ್ತದೆಂಬುದು ಬಯಲಾಗಲು, ತಯಾರಕರು ತಿಳಿಮಾಲ್ಟಿನತ್ತ ಹೊರಳಿದರು. ಕುಂದಿದ ಬಣ್ಣವನ್ನು ಸುಟ್ಟ ಸಕ್ಕರೆಯೇ ಮೊದಲಾದುವುಗಳಿಂದ ತುಂಬಿದರು. ತೆರಿಗೆಯಿಲ್ಲದ ಪದಾರ್ಥವು ತೆರಿಗೆ ತೆತ್ತ ಮಾಲ್ಟಿನ ಸ್ಥಾನವನ್ನು ಆಕ್ರಮಿಸುವುದನ್ನು ಸರ್ಕಾರವು ಸಹಿಸಲಿಲ್ಲ. 1816ರ ಶಾಸನವು ಮಾಲ್ಟು ಹಾಪ್ಸ್‌ಗಳಲ್ಲದೆ ಅನ್ಯ ಪದಾರ್ಥಗಳನ್ನು ನಿಷೇಧಿಸಿತು. ಮರುವರ್ಷವೇ ಡೇನಿಯಲ್ ವ್ಹೀಲರನು ತಿರುಗುವ ಉರುಳೆಯಲ್ಲಿ ಮಾಲ್ಟನ್ನು ಹುರಿದು ಕಪ್ಪಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು.

ಈ ಅಭ್ಯುದಯದ ಬೆಲೆಯನ್ನು ತೆತ್ತವರನ್ನು ಇತಿಹಾಸಕಾರನು ಮರೆಯಲಾಗದು. 1814ರ ಅಕ್ಟೋಬರ್ 17ರಂದು ಲಂಡನ್ನಿನ ಮ್ಯೂ ಕಾರ್ಖಾನೆಯಲ್ಲಿ ಸುಮಾರು 22 ಅಡಿ ಎತ್ತರದ ಮರದ ತೊಟ್ಟಿಯೊಂದು ಕಬ್ಬಿಣದ ಪಟ್ಟಿ ಕಳಚಿ ಒಡೆದುಹೋಗಿ, ಪಕ್ಕದ ಬಡವರ ಕೇರಿಗೆ ನುಗ್ಗಿದ ಬಿಯರಿನ ಪ್ರವಾಹದಲ್ಲಿ ಎಂಟು ಮಂದಿ ಅಸುನೀಗಿದರು. ಪಾರ್ಲಿಮೆಂಟು ಹಾಳಾದ ಬಿಯರಿನ ಸುಂಕವನ್ನು ಕಾರ್ಖಾನೆಗೆ ಹಿಂದಿರುಗಿಸಿತು. ಮೃತರ ಬಂಧುಗಳಿಗೆ ಕಾರ್ಖಾನೆಯಿಂದ ಪರಿಹಾರವು ದೊರೆಯಲಿಲ್ಲ. ರಾಜ್ಯಕ್ಕೂ ಉದ್ಯಮಕ್ಕೂ ಇದ್ದ ಸಖ್ಯದ ಅನ್ಯಾಯವು ಇಲ್ಲಿ ನಗ್ನವಾಗಿ ಕಾಣುತ್ತದೆ.

1830ರ ಶಾಸನವು ಬಿಯರಿನ ಸುಂಕವನ್ನು ರದ್ದುಗೊಳಿಸಿ, ಎರಡು ಗಿನಿಗಳ ಪರವಾನಗಿಯಿಂದ ಬಿಯರ್ ಅಂಗಡಿಯನ್ನು ತೆರೆಯಲು ಅವಕಾಶವಿತ್ತಿತು. ಮಾಲ್ಟಿನ ತೆರಿಗೆಯು ಮಾತ್ರ ರೈತರ ಆಕ್ಷೇಪಣೆಗಳ ನಡುವೆಯೂ ಉಳಿಯಿತು. ಕಡೆಗೆ 1880ರಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಅದನ್ನು ರದ್ದುಪಡಿಸಿ, ಬಿಯರಿನ ಮೇಲೆಯೇ ಮರಳಿ ಸುಂಕವನ್ನು ಹೂಡಿದನು. ಈ ಹೊಸ ಸುಂಕಕ್ಕೆ ಆಧಾರವಾದುದು, ನೀರಿನದನ್ನು 1000 ಎಂದೆಣಿಸಿದರೆ 1057 ಆಗುವ ಸಿಹಿರಸದ ಸಾಂದ್ರತೆ. ತೆರಿಗೆಯ ಹೊರೆಯನ್ನು ತಗ್ಗಿಸಿಕೊಳ್ಳಲು ತಯಾರಕರು ಅವಲಂಬಿಸಿದ ಅಳತೆಯನ್ನೇ ರಾಜ್ಯವು ತೆರಿಗೆಯ ಮಾನದಂಡವನ್ನಾಗಿ ಸ್ವೀಕರಿಸಿತು. ಆದಕಾರಣ ಈ ಉದ್ಯಮವು ರಾಷ್ಟ್ರಕ್ಕಿತ್ತ ಕೊಡುಗೆಯನ್ನು ವರಮಾನದ ಅಂಕಿಗಳಿಂದ ಮಾತ್ರ ಎಣಿಸುವುದು ಸಾಲದು. ಆಡಳಿತವೂ ಕೈಗಾರಿಕೆಯೂ ಪರಸ್ಪರ ಒತ್ತಡದಿಂದ ನಿಖರತೆಯನ್ನು ಕಲಿತುದೂ ಆ ಲೆಕ್ಕಕ್ಕೆ ಸೇರತಕ್ಕದ್ದು.